ಕಾಲೇಜಿನ ಮೊದಲ ವರ್ಷ

ಮುಂಗಾರು ಹಿಡಿದು ಊರಿನ ಕಾಲೇಜುಗಳು ತೆರೆಯುವ ಹೊತ್ತಿಗೆ ನಿಮ್ಮ ಬೀದಿಯಲ್ಲಿ ಕೆಲವು ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಹೆಗಲಿಗೆ ಹೊಸ ಚೀಲ, ಕೈಯಲ್ಲಿ ಪ್ರವೇಶದ ಕಾಗದಗಳ ಕಡತ, ದಾರಿ ಕೇಳಲೂ ಸಂಕೋಚ. ಬಾಡಿಗೆಯ ಕೋಣೆಗೋ, ವಿದ್ಯಾರ್ಥಿನಿಲಯಕ್ಕೋ, ನೆಂಟರ ಮನೆಯ ಪಡಸಾಲೆಗೋ ಬಂದಿಳಿದ ಹುಡುಗರು, ಹುಡುಗಿಯರು ಇವರು. ನಿಮ್ಮ ಮನೆಯಿಂದಲೇ ಒಬ್ಬರು ಹೀಗೆ ಬೇರೊಂದು ಊರಿಗೆ ಹೋಗಿರಲೂಬಹುದು. ಈ ಮಕ್ಕಳ ವಿಷಯವಾಗಿ ಕೆಲವು ಮಾತುಗಳನ್ನು ನಿಮ್ಮೊಡನೆ ಆಡಬೇಕೆಂದಿದ್ದೇನೆ.

ಸೀಟು ಸಿಕ್ಕಿತು, ಶುಲ್ಕ ಕಟ್ಟಿದ್ದಾಯಿತು, ಇನ್ನು ಓದುವುದು ಅವರ ಕೆಲಸ ಎಂದು ಹಿರಿಯರಾದ ನಾವು ನಿಟ್ಟುಸಿರು ಬಿಡುತ್ತೇವೆ. ನಮ್ಮ ರೈತನು ಹೀಗೆ ಎಣಿಸುವುದಿಲ್ಲ. ಸಸಿಮಡಿಯಲ್ಲಿ ಹಸುರಾಗಿ ನಿಂತಿದ್ದ ಬತ್ತದ ಪೈರನ್ನು ಕಿತ್ತು ಗದ್ದೆಯಲ್ಲಿ ನಾಟಿ ಮಾಡಿದ ಮೇಲೆ ಒಂದು ವಾರ, ಹತ್ತು ದಿನ ಅದು ಬಾಡಿ ಹಳದಿಗೆ ತಿರುಗುತ್ತದೆ. ಅದನ್ನು ಕಂಡು ಅವನು ಬೀಜವನ್ನು ಬಯ್ಯುವುದಿಲ್ಲ. ನೀರನ್ನು ಹದವಾಗಿ ನಿಲ್ಲಿಸಿ, ದಿನಕ್ಕೊಮ್ಮೆ ಬದುವಿನ ಮೇಲೆ ಓಡಾಡಿ ಬರುತ್ತಾನೆ. ಬೇರು ಹಿಡಿದ ಮೇಲೆ ಪೈರು ತಾನಾಗಿಯೇ ಏಳುತ್ತದೆ. ಹೊಸ ಕಾಲೇಜಿನ ಮೊದಲ ಎರಡು ತಿಂಗಳಲ್ಲಿ ವಿದ್ಯಾರ್ಥಿಯ ಮುಖ ಬಾಡುವುದೂ ಹೀಗೆಯೇ. ಅದನ್ನು ದಡ್ಡತನವೆಂದೋ ಸೋಮಾರಿತನವೆಂದೋ ನಾವು ತಪ್ಪಾಗಿ ತಿಳಿಯುವುದರಿಂದ, ಓದಬಲ್ಲ ಎಷ್ಟೋ ಮಕ್ಕಳು ನಡುವೆಯೇ ಕೈಬಿಟ್ಟು ಹೋಗುತ್ತಾರೆ.

ಅಷ್ಟಕ್ಕೂ ಬದಲಾಗುವುದೇನು? ಹೈಸ್ಕೂಲಿನಲ್ಲಿ, ಪಿ.ಯು. ತರಗತಿಯಲ್ಲಿ ವಿದ್ಯಾರ್ಥಿಯ ದಿನವನ್ನು ಬೇರೆಯವರು ಕಟ್ಟಿಕೊಡುತ್ತಾರೆ. ಮೇಷ್ಟರು ಮನೆಗೆಲಸ ಕೊಡುತ್ತಾರೆ; ಮಾಡದಿದ್ದರೆ ಗದರುತ್ತಾರೆ; ನಾಲ್ಕು ದಿನ ಬಾರದಿದ್ದರೆ ಮನೆಗೆ ಸುದ್ದಿ ಮುಟ್ಟುತ್ತದೆ. ಪದವಿ ಕಾಲೇಜಿನಲ್ಲಿ ಗಂಟೆಗೊಬ್ಬ ಅಧ್ಯಾಪಕರು ಬಂದು ಹೋಗುತ್ತಾರೆ. ತರಗತಿ ದೊಡ್ಡದು, ಮುಖಗಳು ಹಲವು. ವರ್ಷವನ್ನು ಎರಡು ಸೆಮಿಸ್ಟರುಗಳಾಗಿ ಒಡೆದಿರುತ್ತಾರೆ. ಒಂದೊಂದು ಸೆಮಿಸ್ಟರಿನಲ್ಲಿ ಪಾಠಕ್ಕೆ ಸಿಕ್ಕುವುದು ಸುಮಾರು 16 ವಾರ. ಶೇಕಡ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಕೊನೆಯ ಪರೀಕ್ಷೆಯ ಅಂಕಗಳಲ್ಲದೆ, ನಡುವಿನ ಕಿರುಪರೀಕ್ಷೆಗಳಿಗೂ ಒಪ್ಪಿಸುವ ಬರಹಗಳಿಗೂ ಆಂತರಿಕ ಅಂಕಗಳು ಉಂಟು. ಇವನ್ನೆಲ್ಲ ಸೂಚನಾ ಫಲಕದ ಮೇಲೆ ಅಂಟಿಸಿರುತ್ತಾರೆ, ಇಲ್ಲವೆ ಮೊಬೈಲಿನ ಗುಂಪಿಗೆ ಕಳಿಸಿರುತ್ತಾರೆ. ಹೇಳಿದ್ದಾಯಿತು ಎಂದು ಕಾಲೇಜು ತಿಳಿಯುತ್ತದೆ. ಆದರೆ ಹೇಳುವುದೇ ಬೇರೆ, ಕೇಳಿದವರಿಗೆ ಅದು ನಾಟುವುದೇ ಬೇರೆ.

ಮನೆಯ ಹಿರಿಯಣ್ಣನನ್ನು ಕೇಳೋಣವೆಂದರೆ ಅವನು ಓದಿದ ಕ್ರಮವೇ ಬೇರೆ ಇರುತ್ತದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ, ನಾಲ್ಕನೆಯ ವರ್ಷಕ್ಕೂ ಮುಂದುವರಿಸಬಹುದಾದ ಹೊಸ ಪದವಿ ಕ್ರಮ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿದ್ದಾಯಿತು. ಅಣ್ಣ ಆರಿಸಿಕೊಂಡ ವಿಷಯಗಳ ಹೆಸರು ತಮ್ಮನ ಪಟ್ಟಿಯಲ್ಲಿ ಕಾಣುವುದಿಲ್ಲ. ಮನೆಯಿಂದ ಮೊಟ್ಟಮೊದಲು ಕಾಲೇಜಿಗೆ ಹೋದ ಹುಡುಗಿಗಂತೂ ಕೇಳಲು ಅಣ್ಣನೂ ಇಲ್ಲ, ಅಕ್ಕನೂ ಇಲ್ಲ.

ಇನ್ನು ಗದರುವವರಿಲ್ಲದ ಸ್ವಾತಂತ್ರ್ಯ. ಮೊದಲ ವಾರ ಅದು ಹಬ್ಬದಂತೆ ಇರುತ್ತದೆ. ಮೂರನೆಯ ವಾರದ ಹೊತ್ತಿಗೆ ಅದೇ ಸ್ವಾತಂತ್ರ್ಯ ಬೇರೊಂದು ರೂಪದಲ್ಲಿ ಎದುರಿಗೆ ನಿಲ್ಲುತ್ತದೆ: ನಾನು ಬಂದರೂ ಒಂದೇ, ಬಾರದಿದ್ದರೂ ಒಂದೇ, ಇಲ್ಲಿ ನನ್ನ ಹೆಸರು ಬಲ್ಲವರು ಯಾರೂ ಇಲ್ಲ. ಮೊದಲ ವರ್ಷದ ತೊಡಕುಗಳಲ್ಲಿ ಅತಿ ದೊಡ್ಡದು ಯಾವುದೆಂದು ಕೇಳಿದರೆ, ಪಾಠದ ಕಷ್ಟಕ್ಕಿಂತ ಈ ಭಾವನೆಯನ್ನೇ ನಾನು ಮೊದಲು ಹೇಳುತ್ತೇನೆ.

ಸಂಜೆ ಊರಿನಿಂದ ಫೋನು ಬರುತ್ತದೆ. ಧಾರವಾಡದ ಕಡೆಯ ಮನೆಯ ಮಾತನ್ನೇ ಕೇಳಿ. "ಊಟ ಆತೇನಪಾ?" ಎನ್ನುತ್ತಾಳೆ ತಾಯಿ. "ಆತ್ ಬೇ." "ಸಾಲಿ ಹೆಂಗ ನಡದೈತಿ?" "ಚಲೋ ನಡದೈತಿ." "ರೊಕ್ಕ ಬೇಕೇನ್ ಕೇಳಾಕ ಹತ್ಯಾರ ನಿಮ್ಮಪ್ಪ." "ಬ್ಯಾಡ." ಅಲ್ಲಿಗೆ ಮಾತು ಮುಗಿಯಿತು. ಅಂದು ಬೆಳಗಿನಿಂದ ಒಂದು ಪಾಠವೂ ತಲೆಗೆ ಹೋಗಿರುವುದಿಲ್ಲ. ಮಧ್ಯಾಹ್ನ ಜೊತೆಗೆ ಕೂತು ಉಣ್ಣುವವರು ಸಿಕ್ಕಿರುವುದಿಲ್ಲ. ಆದರೂ ಅವನು ಹೇಳಿದ್ದನ್ನು ಸುಳ್ಳೆನ್ನಲಾಗದು. ಹೊಲದ ಕೆಲಸ ಮುಗಿಸಿ ದಣಿದು ಕೂತ ತಂದೆತಾಯಿಗಳ ಮೇಲೆ ತನ್ನ ಸಂಕಟವನ್ನೂ ಹೇರಬಾರದೆಂಬ ಮರ್ಯಾದೆ ಅದು. ಹೀಗೆ ಎರಡು ಕಡೆಯ ಪ್ರೀತಿಯೇ ಎರಡು ಕಡೆಯ ಬಾಯನ್ನೂ ಕಟ್ಟಿಹಾಕುತ್ತದೆ.

ಈ ಮೌನದ ಮತ್ತೊಂದು ಬೇರು ಭಾಷೆಯಲ್ಲಿದೆ. ಕನ್ನಡದಲ್ಲಿ ವಾಣಿಜ್ಯ ಓದಿ ಪಿ.ಯು. ಮುಗಿಸಿದ ಒಬ್ಬ ಹುಡುಗಿ ಬಿ.ಕಾಂ. ತರಗತಿಗೆ ಬಂದಳೆನ್ನಿ. ಯಂತ್ರದ ಬೆಲೆ ವರ್ಷ ವರ್ಷಕ್ಕೂ ಸವೆದು ಇಳಿಯುತ್ತದೆ, ಆ ಇಳಿಕೆಯನ್ನು ಲೆಕ್ಕದಲ್ಲಿ ತೋರಿಸಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಅವಳು ಕಲಿತ ಹೆಸರು 'ಸವಕಳಿ'. ಇಲ್ಲಿ ಅಧ್ಯಾಪಕರು ಗಂಟೆಯ ಉದ್ದಕ್ಕೂ 'ಡಿಪ್ರಿಸಿಯೇಷನ್' ಎನ್ನುತ್ತಿದ್ದಾರೆ. ಅವಳು ಬಲ್ಲ ವಿಷಯವನ್ನೇ ಅವರು ಹೇಳುತ್ತಿದ್ದಾರೆಂಬುದು ಅವಳಿಗೆ ತಿಳಿಯುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. 'ಬಂಡವಾಳ' ಹೋಗಿ 'ಕ್ಯಾಪಿಟಲ್' ಬಂದಿದೆ. 'ಹೊಣೆ' ಹೋಗಿ 'ಲಯಬಿಲಿಟಿ' ಬಂದಿದೆ. ಅವಳು ಕಳೆದುಕೊಂಡದ್ದು ಹೆಸರುಗಳನ್ನು ಮಾತ್ರ, ತಿಳಿವಳಿಕೆಯನ್ನಲ್ಲ. ಆದರೆ ಅಕ್ಕಪಕ್ಕದವರು ಸರಾಗವಾಗಿ ತಲೆದೂಗುತ್ತಿರುವಾಗ ಅವಳಿಗೆ ಅನ್ನಿಸುವುದೇ ಬೇರೆ: ಇಲ್ಲಿಗೆ ತಕ್ಕವಳು ನಾನಲ್ಲ. ಅಂದಿನಿಂದ ಅವಳು ಹಿಂದಿನ ಬೆಂಚಿಗೆ ಹೋಗುತ್ತಾಳೆ. ತಾನೂ ತಲೆದೂಗಲು ಕಲಿಯುತ್ತಾಳೆ.

ಇದಕ್ಕೆ ಮಾಡಬೇಕಾದದ್ದು ದೊಡ್ಡದೇನಲ್ಲ. ಎರಡು ಅಂಕಣದ ಒಂದು ನೋಟುಪುಸ್ತಕ ಸಾಕು. ಒಂದು ಕಡೆ ತರಗತಿಯಲ್ಲಿ ಕಿವಿಗೆ ಬಿದ್ದ ಇಂಗ್ಲಿಷ್ ಪದ, ಎದುರಿಗೆ ತಾನು ಬಲ್ಲ ಕನ್ನಡದ ಪದ. ದಿನಕ್ಕೆ ಹತ್ತು ಪದ ಬರೆದರೆ ದಸರೆಯ ಹೊತ್ತಿಗೆ ಪಾಠದ ಬಾಗಿಲು ಮುಕ್ಕಾಲು ತೆರೆದಿರುತ್ತದೆ. ಆದರೆ ಮೊದಲ ದಿನ ಯಾರಾದರೂ ಅವಳ ಪಕ್ಕದಲ್ಲಿ ಕೂತು, "ನೋಡಮ್ಮಾ, ಇದು ನಿನಗೆ ಗೊತ್ತಿರುವುದೇ, ಹೆಸರು ಮಾತ್ರ ಹೊಸದು" ಎಂದು ಮೊದಲ ಹತ್ತು ಪದಗಳನ್ನು ಬರೆಸಬೇಕು. ಆ 'ಯಾರಾದರೂ' ಎಂಬುವರು ಯಾರು? ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಹಿಂದೆ ಮೈಸೂರು, ಬೆಂಗಳೂರುಗಳಂಥ ವಿದ್ಯಾಕೇಂದ್ರಗಳಲ್ಲಿ ವಾರಾನ್ನದ ಪದ್ಧತಿ ಇತ್ತು. ನಿಮ್ಮಲ್ಲಿ ಹಿರಿಯರಾದವರು ಅದನ್ನು ಕೇಳಿ ಬಲ್ಲಿರಿ. ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುವನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಎಷ್ಟೋ ಮಂದಿ ವಿದ್ವಾಂಸರು, ಅಧಿಕಾರಿಗಳು ಹೀಗೆ ಉಂಡು ಓದಿದವರೇ. ಈ ಪದ್ಧತಿಯನ್ನು ನಾನು ಬರಿದೇ ಹೊಗಳುತ್ತಿಲ್ಲ. ಅದರಲ್ಲಿ ಜಾತಿಯ ಗೋಡೆ ಇತ್ತು. ಎಲ್ಲರಿಗೂ ಎಲ್ಲ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಉಣ್ಣುವಾಗ ನುಂಗಬೇಕಾದ ಅವಮಾನಗಳೂ ಇದ್ದವು. ಮಠಗಳೂ ಸಮಾಜಸೇವಕರೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದದ್ದು, ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರ ಸಾವಿರಾರು ಮಕ್ಕಳಿಗೆ ಅನ್ನವಿಟ್ಟದ್ದು, ಮುಂದೆ ಸರ್ಕಾರವೇ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ್ದು, ಇವೆಲ್ಲ ಆ ಗೋಡೆಯನ್ನು ದಾಟಿದ ಕೆಲಸಗಳು. ಅನ್ನವು ದಾನವಾಗಿ ಉಳಿಯದೆ ಹಕ್ಕಾದದ್ದು ಒಳ್ಳೆಯದೇ ಆಯಿತು.

ಆದರೆ ವಾರಾನ್ನದಲ್ಲಿ ಅನ್ನವಲ್ಲದೆ ಇನ್ನೊಂದು ಇತ್ತು. ಗುರುವಾರದ ಹುಡುಗ ಗುರುವಾರ ಬಾರದಿದ್ದರೆ ಆ ಮನೆಯ ತಾಯಿಗೆ ಗೊತ್ತಾಗುತ್ತಿತ್ತು. "ಏಕೋ, ಹೋದ ವಾರ ಕಾಣಲಿಲ್ಲ? ಮೈಗೆ ಹುಷಾರಿರಲಿಲ್ಲವೆ?" ಎಂದು ಕೇಳುವಳು. ಪರೀಕ್ಷೆ ಯಾವಾಗ ಎಂಬುದು ಆ ಮನೆಗೆ ತಿಳಿದಿರುತ್ತಿತ್ತು. ಅನ್ನ ಬಡಿಸುವ ಕೆಲಸವನ್ನು ವಿದ್ಯಾರ್ಥಿನಿಲಯ ವಹಿಸಿಕೊಂಡಿತು. ಹುಡುಗ ಬಾರದಿದ್ದಾಗ 'ಏಕೆ' ಎಂದು ಕೇಳುವ ಕೆಲಸವನ್ನು ಯಾರು ವಹಿಸಿಕೊಂಡರು?

ಈ ಕೊರತೆ ನಮ್ಮ ಶಿಕ್ಷಣತಜ್ಞರ ಕಣ್ಣಿಗೆ ಬೀಳದೆ ಇರಲಿಲ್ಲ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯಲ್ಲಿ 1964ರಿಂದ 1966ರವರೆಗೆ ಕೆಲಸ ಮಾಡಿದ ಶಿಕ್ಷಣ ಆಯೋಗವು ಈ ವಿಷಯವನ್ನು ಸ್ಪಷ್ಟವಾಗಿ ಹೇಳಿತು. ವರ್ಷದ ಆರಂಭದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕಾಲೇಜಿನ ಪರಿಚಯ ಮಾಡಿಕೊಡುವ ಕಾರ್ಯಕ್ರಮ ನಡೆಯಬೇಕು. ಪ್ರತಿಯೊಬ್ಬ ವಿದ್ಯಾರ್ಥಿಗೂ ಓದಿನ ವಿಷಯದಲ್ಲಿ ಸಲಹೆ ಕೊಡಲು ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಬೇಕು. ಸಾವಿರ ವಿದ್ಯಾರ್ಥಿಗಳಿಗೆ ಒಬ್ಬರಾದರೂ ಆಪ್ತಸಲಹೆಗಾರರು ಇರಬೇಕು ಎಂದು ಸೂಚಿಸಿತು. ಆ ಸೂಚನೆ ಬಹುಕಾಲ ವರದಿಯಲ್ಲಿಯೇ ಉಳಿಯಿತು. 2017ರಲ್ಲಿ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಲಿಯು ಇಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರದ ಪ್ರವೇಶ ಕಾರ್ಯಕ್ರಮವನ್ನು ಗೊತ್ತುಮಾಡಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ 'ದೀಕ್ಷಾರಂಭ' ಎಂಬ ಕೈಪಿಡಿಯನ್ನು ಹೊರತಂದು, ಎಲ್ಲ ಕಾಲೇಜುಗಳೂ ಹೊಸಬರನ್ನು ಹೀಗೆಯೇ ಬರಮಾಡಿಕೊಳ್ಳಲಿ ಎಂದಿತು. ಈಗ ಬಹುಪಾಲು ಕಾಲೇಜುಗಳಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೂ ಇಷ್ಟು ವಿದ್ಯಾರ್ಥಿಗಳೆಂದು ಹಂಚಿಕೊಟ್ಟಿರುತ್ತಾರೆ. ಹೆಸರು 'ಮೆಂಟರ್'.

ಏರ್ಪಾಡು ಒಳ್ಳೆಯದು. ಆದರೆ ಏರ್ಪಾಡು ರಿಜಿಸ್ಟರಿನ ಪುಟದಲ್ಲಿ ಬೀಳುವ ಸಹಿಯಾಗಿ ಮುಗಿಯುವುದೂ ಉಂಟು. ಹಾರ ಹಾಕಿ, ದೀಪ ಬೆಳಗಿಸಿ, ನಾಲ್ಕು ಭಾಷಣ ಕೇಳಿಸಿ ಕಳಿಸಿದರೆ ಹೊಸಬನಿಗೆ ಕಾಲೇಜಿನ ಸಭಾಂಗಣ ಎಲ್ಲಿದೆಯೆಂಬುದು ತಿಳಿಯುತ್ತದೆ, ಅಷ್ಟೆ. ತನಗೆ ತಿಳಿಯದ್ದನ್ನು ಯಾರ ಬಳಿ, ಯಾವ ಹೊತ್ತಿನಲ್ಲಿ, ಹೇಗೆ ಕೇಳಬೇಕೆಂಬುದು ತಿಳಿದಾಗಲೇ ಅವನು ಕಾಲೇಜಿಗೆ ಸೇರಿದಂತೆ.

ಒಳ್ಳೆಯ ಸಲಹೆ ಎಂದರೇನೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನಗಳುಂಟು. ಕುವೆಂಪು ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ ಟಿ.ಎಸ್. ವೆಂಕಣ್ಣಯ್ಯನವರು ಅವರಿಗೆ ಗುರುಗಳಾಗಿ ದೊರೆತರು. ಹೊಸದಾಗಿ ಆರಂಭವಾದ ಕನ್ನಡ ಎಂ.ಎ. ತರಗತಿಯ ಕಡೆಗೆ ಶಿಷ್ಯನನ್ನು ಒಲಿಸಿದವರಲ್ಲಿ ಅವರು ಮುಖ್ಯರು. ಶಿಷ್ಯನ ಒಳಗೇನಿದೆಯೆಂಬುದನ್ನು ಕಂಡು ಆಡಿದ ಮಾತು ಅದು. ಮುಂದೆ ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅದೇ ಗುರುವಿಗೆ ಅರ್ಪಿಸಿದರು. ಇನ್ನೊಬ್ಬರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿಗೆ ಓದಲು ನಡೆದೇ ಬಂದ ಬಡ ಹುಡುಗ ಆತ. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಆದರೂ ಅವರು ತಮ್ಮ ವಾಸಕ್ಕೆ ಆರಿಸಿಕೊಂಡದ್ದು ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನು. ಎಲ್ಲ ಅಧ್ಯಾಪಕರೂ ಹೀಗೆ ಬಾಳಲಾರರು, ಬಾಳಬೇಕಾದುದೂ ಇಲ್ಲ. ಆದರೆ ಈ ಇಬ್ಬರಿಂದಲೂ ತಿಳಿಯುವ ಸಂಗತಿಯೊಂದೇ: ಸಲಹೆಗಾರನು ವಿದ್ಯಾರ್ಥಿಯ ಕೈಗೆ ಸಿಕ್ಕುವಷ್ಟು ಹತ್ತಿರ ಇರಬೇಕು, ಅವನನ್ನು ನೋಡಿ ಮಾತನಾಡಬೇಕು.

ಹಾಗಾದರೆ ಮನೆಯಲ್ಲಿ ಕೂತ ನಾವು ಏನು ಕೇಳಬೇಕು? "ಚೆನ್ನಾಗಿ ಓದುತ್ತಿದ್ದೀಯಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಅದರ ಬದಲು ಸಣ್ಣ ಸಣ್ಣ, ಹಿಡಿತಕ್ಕೆ ಸಿಕ್ಕುವ ಪ್ರಶ್ನೆಗಳನ್ನು ಕೇಳಿ. ಈವತ್ತು ಯಾವ ಪಾಠ ಅರ್ಥವಾಗಲಿಲ್ಲ? ನಿನ್ನ ಪಕ್ಕದಲ್ಲಿ ಕೂರುವವರ ಹೆಸರೇನು? ಮಧ್ಯಾಹ್ನ ಯಾರೊಡನೆ ಊಟ ಮಾಡಿದೆ? ಇದುವರೆಗೆ ಯಾವ ಮೇಷ್ಟರ ಹತ್ತಿರ ನೀನಾಗಿ ಹೋಗಿ ಮಾತನಾಡಿದ್ದೀಯೆ? ಗಮನಿಸಿ, ನಾನು ಮೊದಲು ಕೇಳಿದ್ದು 'ಅರ್ಥವಾಯಿತೇ' ಎಂದಲ್ಲ, 'ಯಾವುದು ಅರ್ಥವಾಗಲಿಲ್ಲ' ಎಂದು. ಅರ್ಥವಾಗದಿರುವುದು ಇದ್ದೇ ಇರುತ್ತದೆ, ಅದರಲ್ಲಿ ನಾಚಿಕೆಯೇನಿಲ್ಲ ಎಂಬುದನ್ನು ಆ ಪ್ರಶ್ನೆಯೇ ತಿಳಿಸುತ್ತದೆ.

ಕೇಳುವುದಕ್ಕೂ ಒಂದು ಕಾಲವುಂಟು. ಮೊದಲ ವಾರದಲ್ಲಿ ವೇಳಾಪಟ್ಟಿ, ಪುಸ್ತಕಗಳು, ಗ್ರಂಥಾಲಯದ ಕಾರ್ಡು, ಬಸ್ ಪಾಸು ಆದುವೇ ಎಂದು ವಿಚಾರಿಸಿ. ನಾಲ್ಕನೆಯ ವಾರದಲ್ಲಿ ಹಾಜರಿ ಎಷ್ಟಿದೆಯೆಂದು ಅವರಿಂದಲೇ ಲೆಕ್ಕ ಮಾಡಿಸಿ. ಮೊದಲ ಕಿರುಪರೀಕ್ಷೆ ಮುಗಿದ ದಿನ ಅಂಕಕ್ಕಿಂತ ಮೊದಲು ಪ್ರಶ್ನೆಪತ್ರಿಕೆಯನ್ನು ಕೇಳಿ ನೋಡಿ. ದಸರೆಗೋ ದೀಪಾವಳಿಗೋ ಮಗು ಮನೆಗೆ ಬಂದಾಗ ಹೆಚ್ಚಿನ ಎಚ್ಚರ ಬೇಕು. ಮನೆಯ ಊಟ, ತಮ್ಮ ತಂಗಿಯರು, ಹಳೆಯ ಗೆಳೆಯರು, ಎಲ್ಲ ಸೇರಿ ಹೊಸ ಊರನ್ನು ಇನ್ನೂ ಪರಕೀಯವಾಗಿ ಮಾಡುತ್ತವೆ. "ಇನ್ನೆರಡು ದಿನ ಇದ್ದು ಹೋಗುತ್ತೇನೆ" ಎಂಬುದು ವಾರವಾಗುತ್ತದೆ; ವಾರ ಕಳೆದ ಮೇಲೆ ತರಗತಿಗೆ ಮುಖ ತೋರಿಸಲು ಅಳುಕಾಗುತ್ತದೆ. ಕಾಲೇಜು ಬಿಡುತ್ತೇನೆಂದು ಒಂದು ದಿನ ನಿರ್ಧರಿಸಿ ಬಿಟ್ಟವರು ಕಡಮೆ. ಹೀಗೆ ದಿನದಿನವೂ ತಡವಾಗಿ ಬಿಟ್ಟುಹೋದವರೇ ಹೆಚ್ಚು.

ನಮ್ಮ ಮಾತಿಗಿಂತಲೂ ಹೆಚ್ಚಾಗಿ ನಾಟುವುದು ಒಂದೆರಡು ವರ್ಷ ಮುಂದಿರುವ ವಿದ್ಯಾರ್ಥಿಯ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅವರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಂಥದೊಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಲು ಕೊಟ್ಟರು. 'ಇಲ್ಲಿಗೆ ನಾನು ಸೇರಿದವನಲ್ಲ' ಎಂಬ ಅಳುಕು ಮೊದಲು ಎಲ್ಲರಿಗೂ ಇರುತ್ತದೆ, ಕಾಲಕ್ರಮದಲ್ಲಿ ಕಳೆಯುತ್ತದೆ ಎಂಬುದೇ ಅವುಗಳ ತಾತ್ಪರ್ಯ. ಬಳಿಕ, ಮುಂದೆ ಬರುವವರಿಗೆ ಉಪಯೋಗವಾಗಲೆಂದು ಅವರಿಂದಲೂ ತಮ್ಮ ಅನುಭವವನ್ನು ಬರೆಸಿ ಹೇಳಿಸಿದರು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಕೆಲಸ. ಇದರ ಪ್ರಯೋಜನವನ್ನು ಮುಖ್ಯವಾಗಿ ಪಡೆದವರು ಅಲ್ಲಿ ಅಲ್ಪಸಂಖ್ಯಾತರಾದ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು. ಮುಂದಿನ ಮೂರು ವರ್ಷಗಳಲ್ಲಿ ಅವರ ಅಂಕಗಳು ಏರಿ, ಬಿಳಿಯ ವಿದ್ಯಾರ್ಥಿಗಳೊಡನೆ ಇದ್ದ ಅಂತರ ಅರ್ಧದಷ್ಟು ತಗ್ಗಿತು. ಆ ದೇಶದ ಲೆಕ್ಕವನ್ನು ನಮ್ಮ ಕಾಲೇಜುಗಳಿಗೆ ಹಾಗೆಯೇ ಹೊಂದಿಸಲಾಗದು. ಆದರೆ ಎರಡನೆಯ ವರ್ಷದ ಹುಡುಗಿಯೊಬ್ಬಳು ಹೊಸಬಳ ಪಕ್ಕದಲ್ಲಿ ಕೂತು, "ನನಗೂ ಮೊದಲು ಹೀಗೇ ಆಗಿತ್ತು ಕಣೇ, ದೀಪಾವಳಿಯ ಹೊತ್ತಿಗೆ ಸರಿಹೋಯಿತು" ಎಂದು ಹೇಳಲು ಖರ್ಚೇನೂ ಇಲ್ಲವಷ್ಟೆ.

ಇನ್ನು ನಪಾಸಿನ ಮಾತು. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿದುಬಿಟ್ಟರೆ ಮನೆಯಲ್ಲಿ ಆಕಾಶವೇ ಕಳಚಿ ಬಿದ್ದಂತಾಗುತ್ತದೆ. ಪದವಿ ತರಗತಿಗಳಲ್ಲಿ ಉಳಿದ ವಿಷಯವನ್ನು ಮತ್ತೆ ಬರೆಯಲು ಅವಕಾಶವುಂಟು. ಸಾಮಾನ್ಯವಾಗಿ ಅದನ್ನು ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಆಯಾ ವಿಶ್ವವಿದ್ಯಾಲಯದ ನಿಯಮವೇನೆಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಂಡ ಮೇಲೆ ಮುಂದಿನ ಮಾತು. ಹುಡುಗನಾದರೆ ಬಯ್ಗಳಿಗೆ ಮುಗಿದೀತು. ಹುಡುಗಿಯಾದರೆ ಅವಳ ಅಂಕಪಟ್ಟಿಯನ್ನು ನೋಡಿದ ಕೂಡಲೇ ಯಾರೋ ಒಬ್ಬರು, "ಸಾಕು ಓದಿದ್ದು, ಒಳ್ಳೆಯ ಸಂಬಂಧ ಬಂದಿದೆ" ಎಂದುಬಿಡುತ್ತಾರೆ. ಒಂದು ವಿಷಯದ ಹತ್ತು ಅಂಕದ ಕೊರತೆ ಒಂದು ಬಾಳಿನ ದಿಕ್ಕನ್ನೇ ಗೊತ್ತುಮಾಡಿಬಿಡುತ್ತದೆ. ತಾಯಂದಿರೇ, ಸೋದರಮಾವಂದಿರೇ, ಆ ಒಂದು ದಿನ ನೀವು ಅವಳ ಪಕ್ಕದಲ್ಲಿ ನಿಲ್ಲಿ. ಆರು ತಿಂಗಳ ಅವಕಾಶವನ್ನು ಅವಳಿಗಾಗಿ ಕೇಳಿ ಕೊಡಿಸಿ.

ಹಣದ ತೊಡಕೂ ಉಂಟು. ವಿದ್ಯಾರ್ಥಿವೇತನಕ್ಕೆ ಈಗ ರಾಜ್ಯದ ಅಂತರ್ಜಾಲ ತಾಣದ ಮೂಲಕ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕು. ಆಧಾರ್ ಕಾರ್ಡಿನಲ್ಲಿರುವ ಹೆಸರೂ ಅಂಕಪಟ್ಟಿಯಲ್ಲಿರುವ ಹೆಸರೂ ಒಂದಕ್ಕೊಂದು ಹೊಂದಬೇಕು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಿರಬೇಕು. ಒಂದು ಕಡೆ ತಂದೆಯ ಹೆಸರಿನ ಒಂದಕ್ಷರ ತಪ್ಪಿದ್ದರೂ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಕಚೇರಿಯ ಕೆಲಸ ಬಲ್ಲ ನಿಮ್ಮಂಥವರಿಗೆ ಇದು ಒಂದು ಸಂಜೆಯ ಕೆಲಸ. ಹದಿನೆಂಟು ವರ್ಷದ, ಊರಿಗೆ ಹೊಸಬನಾದ ಹುಡುಗನಿಗೆ ಇದು ಮೂರು ದಿನದ ಪಾಠ ತಪ್ಪಿಸಿಕೊಂಡು ಅಲೆಯುವ ಕೆಲಸ. ಕೊನೆಯ ದಿನಾಂಕ ಮೀರಿದರೆ ಆ ವರ್ಷದ ಹಣವೇ ಹೋದಂತೆ.

ಕೆಲವು ವೇಳೆ ಬಾಡಿದ ಮುಖದ ಹಿಂದೆ ಇನ್ನೂ ದೊಡ್ಡ ನೋವಿರುತ್ತದೆ. ವಾರಗಟ್ಟಲೆ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಕೋಣೆಯಿಂದ ಹೊರಗೆ ಬರುವುದಿಲ್ಲ, ಬದುಕಿದ್ದು ಏನು ಪ್ರಯೋಜನ ಎಂಬ ಮಾತು ಬಾಯಿಂದ ಜಾರುತ್ತದೆ ಎಂದಾದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಕೂಡದು. ಉಪದೇಶವನ್ನೂ ಮಾಡಕೂಡದು. ಒಬ್ಬರನ್ನೇ ಬಿಡದೆ ಜೊತೆಗಿದ್ದು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿ ಉಂಟು. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಹಿರಿಯ ವಿದ್ಯಾರ್ಥಿಗಳ ಕಾಟವೇ ಕಾರಣವಾಗಿದ್ದರೆ ಅದು ಚೇಷ್ಟೆಯಲ್ಲ, ಅಪರಾಧ. 2009ರ ನಿಯಮಗಳ ಪ್ರಕಾರ ಪ್ರತಿಯೊಂದು ಕಾಲೇಜಿನಲ್ಲಿಯೂ ರ‍್ಯಾಗಿಂಗ್ ತಡೆಯುವ ಸಮಿತಿ ಇರಲೇಬೇಕು. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಗೂ ದೂರು ಕೊಡಬಹುದು. ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಈ ಊರಿನ ಗೃಹಸ್ಥರಾದ ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಮಕ್ಕಳು ಓದಿ ಮುಗಿಸಿರಬಹುದು, ಇಲ್ಲವೆ ಇನ್ನೂ ಚಿಕ್ಕವರಿರಬಹುದು. ಆದರೆ ನಿಮ್ಮ ಮಹಡಿಯ ಕೋಣೆಯಲ್ಲಿ ಇಬ್ಬರು ಹುಡುಗರು ಬಾಡಿಗೆಗೆ ಇದ್ದಾರೆ. ನಿಮ್ಮ ಅಂಗಡಿಗೆ ಪ್ರತಿದಿನ ಹಾಲಿಗೆ ಬರುವ ಹುಡುಗಿ ಹತ್ತಿರದ ವಿದ್ಯಾರ್ಥಿನಿಲಯದವಳು. ಅವರ ಹೆಸರು ನಿಮಗೆ ಗೊತ್ತೆ? ಯಾವ ಊರಿನವರೆಂದು ಕೇಳಿದ್ದೀರಾ? ನೀವು ನಿವೃತ್ತ ಗುಮಾಸ್ತರಾಗಿದ್ದರೆ ಒಂದು ಅರ್ಜಿ ತುಂಬುವುದನ್ನು ಕಲಿಸಿ. ಲೆಕ್ಕ ಬಲ್ಲವರಾದರೆ ಹತ್ತು ಪದಗಳನ್ನು ಆ ಎರಡು ಅಂಕಣದ ಪುಸ್ತಕದಲ್ಲಿ ಬರೆಸಿ. ಗೃಹಿಣಿಯರು ಭಾನುವಾರ ಎರಡು ದೋಸೆ ಹೆಚ್ಚಾಗಿ ಹುಯ್ದರೆ ಹಿಟ್ಟೇನೂ ಸಾಲದೆ ಹೋಗದು. ಯಾವ ಜಾತಿ, ಯಾವ ಮತ ಎಂದು ಕೇಳುವ ಕೆಲಸವಿಲ್ಲ. ಹಳೆಯ ವಾರಾನ್ನದ ಆ ಕುಂದನ್ನು ನಾವು ಮತ್ತೆ ತರಬೇಕಾದುದಿಲ್ಲ. ಅದರಲ್ಲಿದ್ದ ವಾರದ ವಿಚಾರಣೆಯೊಂದನ್ನು ಉಳಿಸಿಕೊಂಡರೆ ಸಾಕು.

ಅವರು ನಾಲ್ಕು ದಿನ ಕಾಣದಿದ್ದರೆ ಮಹಡಿಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ. "ಏನಪ್ಪಾ, ಕಾಲೇಜಿಗೆ ಹೋಗುತ್ತಿಲ್ಲವೆ? ಏನಾಯಿತು?" ಎಂದು ಕೇಳಿ. ಒಮ್ಮೆಗೇ ಉತ್ತರ ಬಾರದಿರಬಹುದು. ಸ್ವಲ್ಪ ಹೊತ್ತು ಅಲ್ಲಿಯೇ ಕೂತಿರಿ. ಎರಡನೆಯ ಸಲ ಕೇಳಿದಾಗ ಅವರು ಹೇಳಿಯಾರು.